ಒಂದು ಮನೆಗೆ ಒಬ್ಬರೇ ಹೊಣೆ ಇರಲಿ

ಮಾನ್ಯ ಸಂಪಾದಕರೇ,

ನವೆಂಬರ್ ಬಂತೆಂದರೆ ನಮ್ಮ ಮಾಜಿ ಸೈನಿಕರ ಗುಂಪಿಗೆ ಜೀವಿತ ಪ್ರಮಾಣಪತ್ರದ ಕೆಲಸ. ಪಿಂಚಣಿದಾರರು ಬದುಕಿದ್ದಾರೆಂದು ವರ್ಷಕ್ಕೊಮ್ಮೆ ಕೊಡಬೇಕಾದ ಪತ್ರ ಅದು. 2014ರಲ್ಲಿ ‘ಜೀವನ್ ಪ್ರಮಾಣ್’ ಎಂಬ ಡಿಜಿಟಲ್ ವ್ಯವಸ್ಥೆ ಬಂದ ಮೇಲೆ ಅದನ್ನು ಮನೆಯಿಂದಲೇ ಸಲ್ಲಿಸಬಹುದು ನಿಜ. ಆದರೆ ವಯಸ್ಸಾದ ಪಿಂಚಣಿದಾರರಿಗೆ ಮೊಬೈಲ್‌ನಲ್ಲಿ ಅದೆಲ್ಲ ಆಗದ ಮಾತು. ಹಾಗಾಗಿ ನಾವೇ ಮನೆಮನೆಗೆ ಹೋಗುತ್ತೇವೆ.

ಕಳೆದ ವರ್ಷ ಒಬ್ಬ ಸೈನಿಕನ ವಿಧವೆಗೆ ಒಂದೇ ದಿನ ನಮ್ಮವರು ಮೂವರು ಫೋನ್ ಮಾಡಿ ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ ಕೇಳಿದರು. ಯಾರೋ ಮೋಸಗಾರರೆಂದು ಹೆದರಿ ಆ ಅಜ್ಜಿ ಫೋನನ್ನೇ ಆಫ್ ಮಾಡಿಬಿಟ್ಟರು. ಪಕ್ಕದ ಊರಿನ ಸುಬೇದಾರರ ಮನೆಗೆ ಯಾರೂ ಹೋಗಲಿಲ್ಲ. ಬೇರೆಯವರು ಹೋಗಿರುತ್ತಾರೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ವಾಟ್ಸ್‌ಆ್ಯಪ್‌ನಲ್ಲಿ ‘ಸ್ವಲ್ಪ ನೋಡಿಕೊಳ್ಳಿ’ ಎಂದು ಒಬ್ಬರು ಹಾಕಿ, ಹತ್ತು ಜನ ಹೆಬ್ಬೆರಳು ತೋರಿಸಿದರೆ ಕೆಲಸ ಆದಂತಲ್ಲ.

ನಾನು ಸೇನೆಯಲ್ಲಿ ಸಂದೇಶ ಸಂಪರ್ಕ ನೋಡಿಕೊಳ್ಳುವ ಸಿಗ್ನಲ್ಸ್‌ ವಿಭಾಗದಲ್ಲಿದ್ದವನು. ಮುಖ್ಯ ಸಂದೇಶವನ್ನು ಪಡೆದವನು ತಿರುಗಿ ಹೇಳಿ ಒಪ್ಪಿಸುವವರೆಗೆ ಕಳಿಸಿದವನ ಕೆಲಸ ಮುಗಿಯುತ್ತಿರಲಿಲ್ಲ. ಇಲ್ಲೂ ಹಾಗೇ ಮಾಡೋಣ. ಯಾರ ಮನೆ, ಯಾವ ದಿನ, ಹೋಗುವವರು ಯಾರು ಎಂದು ಬರೆದು ಹಾಕಲಿ. ಹೋಗುವವರು ಅದನ್ನೇ ತಿರುಗಿ ಬರೆಯಲಿ. ಓಟಿಪಿ ಬರುವ ಮೊಬೈಲ್ ಮನೆಯಲ್ಲಿದೆಯೋ, ಬೆಂಗಳೂರಿನ ಮಗನ ಕೈಯಲ್ಲಿದೆಯೋ ಎಂದು ಅವರೊಬ್ಬರೇ ಮೊದಲೇ ವಿಚಾರಿಸಲಿ. ಇನ್ನೊಂದು: ನಿವೃತ್ತರಾದ ಮೇಲೂ ಹಳೆಯ ಹುದ್ದೆ ನೋಡಿ ಬಾಯಿ ಮುಚ್ಚಿಕೊಳ್ಳುವುದು ಬೇಡ. ಅರ್ಥವಾಗದಿದ್ದರೆ ಸಿಪಾಯಿಯೂ ಕ್ಯಾಪ್ಟನ್ ಸಾಹೇಬರನ್ನು ಧೈರ್ಯವಾಗಿ ಕೇಳಬೇಕು.

ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯವರು ಅಕ್ಟೋಬರ್‌ನಲ್ಲೇ ಎಲ್ಲ ಸಂಘಗಳನ್ನೂ ಒಟ್ಟಿಗೆ ಕೂರಿಸಿ ಊರುಗಳನ್ನು ಹಂಚಿಕೊಡಬೇಕೆಂದು ಕೋರುತ್ತೇನೆ.

– ನಿವೃತ್ತ ಹವಾಲ್ದಾರ್, ಸೋಮವಾರಪೇಟೆ