ಗೆಳೆಯನಿಗೊಂದು ಪತ್ರ: ಐದು ಮಾತ್ರೆಯ ಹಾಡು

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಬಂದು ಎರಡು ವಾರ ಆಯ್ತು. ಉತ್ತರ ಬರೆಯೋಣ ಅಂತ ಕೂತಾಗಲೆಲ್ಲ ಗಿಟಾರ್ ಕೈಗೆ ಬರುತ್ತಿತ್ತು, ಪತ್ರ ಅಲ್ಲಿಗೇ ನಿಲ್ಲುತ್ತಿತ್ತು. ಇವತ್ತು ಗಿಟಾರನ್ನು ಪಕ್ಕದ ಕೋಣೆಯಲ್ಲಿಟ್ಟು, ಬಾಗಿಲು ಹಾಕಿ ಬಂದಿದ್ದೇನೆ.

"ನಿನಗೆ ಮೊದಲು ಟ್ಯೂನ್ ಬರುತ್ತಾ, ಸಾಲು ಬರುತ್ತಾ?" ಅಂತ ಕೇಳಿದ್ದೀಯ. ಆರು ತಿಂಗಳಿಂದ ಒಂದೇ ಟ್ಯೂನ್ ಹಿಡಿದು ಕೂತಿದ್ದೇನೆ, ಸಾಹಿತ್ಯ ಹುಟ್ಟುತ್ತಿಲ್ಲ, ಬಿಟ್ಟುಬಿಡೋಣ ಅನ್ನಿಸುತ್ತಿದೆ ಅಂತಲೂ ಬರೆದಿದ್ದೀಯ. ಬಿಡಬೇಡ ಕಣೋ. ನಿನ್ನ ಪ್ರಶ್ನೆಗೆ ಒಂದು ಮಾತಿನ ಉತ್ತರ ನನ್ನ ಹತ್ತಿರ ಇಲ್ಲ. ಮೊನ್ನೆ ಮುಗಿಸಿದ ಹಾಡೊಂದು ಹೇಗೆ ಬಂತು ಅನ್ನುವುದನ್ನು ಮಾತ್ರ ಇದ್ದ ಹಾಗೆ ಹೇಳಬಲ್ಲೆ.

ನಮ್ಮ ಅಪ್ಪನ ಮಾತು ನಿನಗೆ ನೆನಪಿರಬೇಕು. ಏನು ಕೇಳಿದರೂ "ಆಮೇಲೆ ಹೇಳ್ತೀನಿ" ಅನ್ನುತ್ತಿದ್ದರು. ತಪ್ಪಿಸಿಕೊಳ್ಳಲು ಅಲ್ಲ. ಯಾವಾಗಲೂ ಎಲ್ಲಿಗೋ ಹೊರಟಿರುತ್ತಿದ್ದರು ಅಷ್ಟೇ. ಸಂಜೆ ಬಂದು, ನಾವು ಕೇಳಿದ್ದೇ ಮರೆತಿದ್ದರೂ, ಅವರು ನೆನಪಿಟ್ಟುಕೊಂಡು ಹೇಳುತ್ತಿದ್ದರು. ಕೊನೆಯ ಸಲ ನಾನು ಕೇಳಿದ್ದು ಒಂದು ಹಳೆಯ ಫೋಟೋ ಬಗ್ಗೆ. "ನಿಮ್ಮ ಪಕ್ಕ ನಿಂತಿರುವುದು ಯಾರು?" ಅಂದೆ. "ಆಮೇಲೆ ಹೇಳ್ತೀನಿ" ಅಂತ ಹೋದರು. ಆ ಸಂಜೆ ಅವರು ಬರಲಿಲ್ಲ.

ಇದಾಗಿ ವರ್ಷದ ಮೇಲೆ ಒಂದು ದಿನ ಒಗೆದ ಬಟ್ಟೆ ಮಡಚುತ್ತಿದ್ದೆ. ಬಾಯಿಗೆ ಆ ಮಾತು ಬಂತು. ಬರೀ ಮಾತಲ್ಲ, ಸ್ವರದ ಜೊತೆಗೇ ಬಂತು. ತಕ್ಷಣ ಫೋನಿನ ರೆಕಾರ್ಡರ್ ಒತ್ತಿ ಎರಡು ಸಲ ಗುನುಗಿದೆ. ಹನ್ನೊಂದು ಸೆಕೆಂಡಿನ ರೆಕಾರ್ಡಿಂಗ್. ಹಿಂದೆ ಬಟ್ಟೆ ಕೊಡವುವ ಸದ್ದೂ ಇದೆ. "ಬೆಳಿಗ್ಗೆ ನೆನಪಿರುತ್ತೆ ಬಿಡು" ಅಂದುಕೊಂಡು ಎಷ್ಟು ಟ್ಯೂನ್ ಕಳೆದುಕೊಂಡಿದ್ದೇನೋ ಲೆಕ್ಕವಿಲ್ಲ. ಬೆಳಿಗ್ಗೆ ನೆನಪಿರುವುದಿಲ್ಲ. ಬೀಥೋವನ್‌ನಂಥವನೇ ಜೇಬಿನಲ್ಲಿ ಪುಸ್ತಕ ಇಟ್ಟುಕೊಂಡು, ತಿರುಗಾಡುವಾಗ ಹೊಳೆದ ತುಣುಕುಗಳನ್ನು ಗೀಚಿಕೊಳ್ಳುತ್ತಿದ್ದ. ನಾವು ಫೋನ್ ಒತ್ತುವುದಕ್ಕೆ ಯಾಕೆ ಸೋಮಾರಿತನ ಮಾಡಬೇಕು ಹೇಳು.

ಮುಂದೆ ನಾನು ಮಾಡಿದ ತಪ್ಪು ನಿನಗೆ ಉಪಯೋಗಕ್ಕೆ ಬರಬಹುದು.

ಮಾರನೇ ದಿನ ಗಿಟಾರ್ ತೆಗೆದುಕೊಂಡು ಕೂತೆ. ಕೈ ತಾನಾಗೇ ನಾಲ್ಕರ ಎಣಿಕೆಗೆ ಹೋಯ್ತು. ಎಷ್ಟೋ ವರ್ಷದ ಅಭ್ಯಾಸ, ನಾಲ್ಕು ಬಿಟ್ಟರೆ ಬಲಗೈಗೆ ಬೇರೆ ಗೊತ್ತಿಲ್ಲ. ಮೂರು ವಾರ ಆ ಸಾಲನ್ನು ನಾಲ್ಕರೊಳಗೆ ಕೂರಿಸಲು ಒದ್ದಾಡಿದೆ. ಗಿಟಾರಿನ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಬದಲಿಸಿದೆ, ವೇಗ ಬದಲಿಸಿದೆ. ಹಾಡು ಕೇಳಲು ಚೆನ್ನಾಗೇ ಇತ್ತು. ಆದರೆ ಅದರಲ್ಲಿ ಅಪ್ಪ ಇರಲಿಲ್ಲ. ಬೇರೆ ಯಾರೋ ಮಾತಾಡಿದ ಹಾಗೆ ಇತ್ತು.

ಬೇಜಾರಾಗಿ ಒಂದು ಸಂಜೆ ನಡೆಯಲು ಹೋದೆ. ಇಯರ್‌ಫೋನ್ ಹಾಕಿಕೊಂಡು ಆ ಹನ್ನೊಂದು ಸೆಕೆಂಡಿನ ರೆಕಾರ್ಡಿಂಗನ್ನೇ ಮತ್ತೆ ಮತ್ತೆ ಕೇಳಿದೆ. ಬೆರಳು ತೊಡೆಯ ಮೇಲೆ ತಾನಾಗೇ ಬಡಿಯತೊಡಗಿತು. ತಕ ತಕಿಟ, ತಕ ತಕಿಟ. ಐದು! ನಿಂತ ಜಾಗದಲ್ಲೇ ಎಣಿಸಿದೆ. ಶಾಲೆಯಲ್ಲಿ ಪ್ರಸ್ತಾರ ಹಾಕುತ್ತಿದ್ದೆವಲ್ಲ, ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಅಂತ. ಆ, ಎರಡು. ಮೇ, ಎರಡು. ಲೆ, ಒಂದು. ಐದಾಯ್ತು. ಹೇ, ಎರಡು. ಳ್ತೀ, ಎರಡು. ನಿ, ಒಂದು. ಮತ್ತೆ ಐದು. ಅಪ್ಪ ಜೀವಮಾನ ಪೂರ್ತಿ ಖಂಡ ನಡೆಯಲ್ಲಿ, ಅಂದರೆ ಐದರ ಎಣಿಕೆಯಲ್ಲಿ, ಮಾತಾಡಿದ್ದರು. ನಾನು ಮೂರು ವಾರ ಅದನ್ನು ನಾಲ್ಕಕ್ಕೆ ಎಳೆಯುತ್ತಿದ್ದೆ.

ಎಳೆದಾಗ ಏನಾಗುತ್ತಿತ್ತು ಅನ್ನುವುದೂ ಆಗಲೇ ಗೊತ್ತಾಯ್ತು. ನಾನು ಎಂಟು ಮಾತ್ರೆಯ ಜಾಗಕ್ಕೆ ಐದು ಮಾತ್ರೆಯ ಪದ ತುಂಬುತ್ತಿದ್ದೆ. ಮಿಕ್ಕ ಮೂರನ್ನು ಪಾಪ ಆ "ಲೆ" ಹೊರಬೇಕು. ಎಳೆದೂ ಎಳೆದೂ ಅದು "ಆಮೇಲೇ ಹೇಳ್ತೀನಿ" ಆಗಿಬಿಟ್ಟಿತ್ತು. "ಆಮೇಲೆ" ಅನ್ನುವುದು ಬೇರೆ, "ಆಮೇಲೇ" ಅನ್ನುವುದು ಬೇರೆ ಅಲ್ವಾ? ಎರಡನೆಯದರಲ್ಲಿ ಹಟ ಇದೆ, ಈಗ ಖಂಡಿತ ಹೇಳಲ್ಲ ಅನ್ನುವ ಗಡುಸು ಇದೆ. ಅಪ್ಪ ಹಾಗಿರಲಿಲ್ಲ. ಒಂದೇ ಒಂದು ಸ್ವರವನ್ನು ಉದ್ದ ಮಾಡಿ ಅಷ್ಟು ಮೆತ್ತಗಿನ ಮನುಷ್ಯನನ್ನು ನಾನು ಗಡುಸು ಮಾಡಿಬಿಟ್ಟಿದ್ದೆ.

ಮನೆಗೆ ಬಂದವನೇ ತಾಳ ಬಡಿಯುವ ಮೆಟ್ರೋನೋಮನ್ನು ನಿಮಿಷಕ್ಕೆ 150 ಹೊಡೆತಕ್ಕೆ ಇಟ್ಟೆ. ಒಂದು ಹೊಡೆತಕ್ಕೆ ಒಂದು ಮಾತ್ರೆ. ಹತ್ತು ಮಾತ್ರೆಗೆ ನಾಲ್ಕು ಸೆಕೆಂಡು. ಆತುರ ಇಲ್ಲದೆ, ಎಳೆತವೂ ಇಲ್ಲದೆ ಒಬ್ಬರು ಹೊರಡುವಾಗ ಹೇಳುವಷ್ಟೇ ಹೊತ್ತು. ಹೆಬ್ಬೆರಳಿಗೆ ಒಂದು ಮತ್ತು ಮೂರು, ಉಳಿದದ್ದು ಬೇರೆ ಬೆರಳುಗಳಿಗೆ. ಎರಡು ದಿನ ಕೈ ಕೇಳಲಿಲ್ಲ, ಪ್ರತಿ ಸಲ ಆರನೆಯದಕ್ಕೆ ಜಾರುತ್ತಿತ್ತು. ಮೂರನೇ ದಿನ ಕೂತಿತು.

ಅದಕ್ಕೇ ಹೇಳುವುದು, ನಿನ್ನ ಟ್ಯೂನಿನ ಮೊಟ್ಟಮೊದಲ ರೆಕಾರ್ಡಿಂಗ್ ಹುಡುಕು. ಆರು ತಿಂಗಳಲ್ಲಿ ತಿದ್ದಿ ತಿದ್ದಿ ಚಂದ ಮಾಡಿದ್ದೀಯಲ್ಲ, ಅದಲ್ಲ. ಮೊದಲನೇ ದಿನದ್ದು, ಶ್ರುತಿ ಇಲ್ಲದೆ ಗುನುಗಿದ್ದು. ನಿನಗೆ ಬೇಕಾದ ಪದ ಅದರೊಳಗೇ ಇದೆ ಅಂತ ನನಗೆ ಅನ್ನಿಸುತ್ತದೆ. ಸುಮ್ನೆ ಧೈರ್ಯಕ್ಕೆ ಹೇಳುತ್ತಿಲ್ಲ. ಗುನುಗುವಾಗ ನಾವು ಬರೀ "ನನನ" ಅನ್ನುವುದಿಲ್ಲ, ಗಮನಿಸಿದ್ದೀಯಾ? ಕೆಲವು ಕಡೆ ಬಾಯಿ ತಾನಾಗೇ "ಆ" ಅನ್ನುತ್ತದೆ, ಕೆಲವು ಕಡೆ "ಓ", ಇಳಿಯುವಾಗ "ಉ". ಗಂಟಲಿಗೆ ಏನು ಸುಲಭವೋ ಅದನ್ನು ಬಾಯಿ ಆಗಲೇ ಆರಿಸಿಕೊಂಡಿರುತ್ತದೆ. ಎತ್ತರದ ಸ್ವರ ಹಿಡಿದು ನಿಲ್ಲುವ ಕಡೆ "ಆ" ಇದ್ದರೆ ದವಡೆ ಬಿಚ್ಚುತ್ತದೆ, ದನಿ ಹರಡುತ್ತದೆ. ಅಲ್ಲೇ "ಈ" ಇಟ್ಟುನೋಡು. ನಾಲಿಗೆ ಮೇಲೇರಿ ಜಾಗ ಸಣ್ಣದಾಗುತ್ತದೆ, ಗಂಟಲು ಬಿಗಿಯುತ್ತದೆ. ನಾನು ಮೊದಲು "ಹೇಳ್ತೀನಿ"ಯ "ತೀ" ಮೇಲೆ ತುತ್ತತುದಿ ಇಟ್ಟಿದ್ದೆ. ಹಾಡಿದಾಗಲೆಲ್ಲ ಕಿರುಚಿದ ಹಾಗೆ ಕೇಳುತ್ತಿತ್ತು. ಅದನ್ನು "ಆಮೇಲೆ"ಯ "ಆ"ಗೆ ತಂದೆ. ಅಪ್ಪ ಹೇಳುತ್ತಿದ್ದಾಗಲೂ "ಆ" ಮೇಲೆ, "ನಿ" ಕೆಳಗೇ ಇರುತ್ತಿತ್ತು. ಇಡೀ ಹಾಡಿನ ಶ್ರುತಿಯನ್ನೂ ಇ ಮೈನರ್‌ನಿಂದ ಡಿ ಮೈನರ್‌ಗೆ, ಎರಡು ಸ್ವರಸ್ಥಾನ ಕೆಳಗೆ ಇಳಿಸಿದೆ. ಗಿಟಾರಿಗೆ ಇ ಮೈನರ್ ಹಿತ, ನಿಜ. ಆದರೆ ಹಾಡು ಹಾಡಬೇಕಾದ್ದು ಗಂಟಲು.

ಸಾಹಿತ್ಯ ಬರುವ ತನಕ ಏನು ಹಾಡುವುದು ಅಂತ ಕೇಳಿದ್ದೀಯ. ಏನಾದರೂ ಹಾಡು. ಬೀಟಲ್ಸ್ ಬ್ಯಾಂಡಿನ ಪಾಲ್ ಮೆಕಾರ್ಟ್ನಿಗೆ ಒಂದು ಧಾಟಿ ನಿದ್ದೆಯಿಂದ ಏಳುವಾಗ ತಲೆಯಲ್ಲಿ ಪೂರ್ತಿಯಾಗಿ ಇತ್ತಂತೆ. ಪದ ಇರಲಿಲ್ಲ. ಜಾಗ ಹಿಡಿಯಲು "ಸ್ಕ್ರ್ಯಾಂಬಲ್ಡ್ ಎಗ್ಸ್" ಅಂತ ಹಾಡಿಕೊಳ್ಳುತ್ತಿದ್ದರು. 1965ರಲ್ಲಿ ಅದೇ ಧಾಟಿ "ಯೆಸ್ಟರ್ಡೇ" ಆಗಿ ಹೊರಬಂತು. ಎರಡನ್ನೂ ಬಾಯಲ್ಲಿ ಹೇಳಿ ನೋಡು, ಮೂರು ಮೂರು ತುಂಡು. ಪದ ಬದಲಾಯ್ತು, ಪದದ ಆಕಾರ ಬದಲಾಗಲಿಲ್ಲ. ಈ ಧಾಟಿ ಎಲ್ಲೋ ಕೇಳಿದ್ದೇ ಇರಬೇಕು ಅನ್ನುವ ಅನುಮಾನದಲ್ಲಿ ಅವರು ಸುತ್ತಲಿದ್ದವರಿಗೆಲ್ಲ ಹಾಡಿ ತೋರಿಸಿ ಕೇಳಿದ್ದರಂತೆ. ನಾನೂ ಹಾಗೆ ಮೂರ್ನಾಲ್ಕು ಜನಕ್ಕೆ ಕೇಳಿಸುತ್ತೇನೆ. ಯಾರಾದರೂ "ಇದು ಅದಲ್ವಾ?" ಅಂದರೆ ಬಿಟ್ಟುಬಿಡುತ್ತೇನೆ. ನೋವಾಗುತ್ತದೆ, ಆದರೂ ಬಿಡುತ್ತೇನೆ.

ಚರಣಕ್ಕೆ ಬಂದಾಗ ನನಗೆ ಮೊದಲು ಸಿಕ್ಕ ಸಾಲು "ನೆನಪುಗಳ ಸಾಗರದಿ". ಎಣಿಸಿ ನೋಡು, ಐದು ಐದು ಸರಿಯಾಗಿದೆ. ಹಾಡಲೂ ಸುಖ. ನಾಲ್ಕು ದಿನ ಅದನ್ನೇ ಹಾಡಿಕೊಂಡು ಓಡಾಡಿದೆ. ಐದನೇ ದಿನ ಅನ್ನಿಸಿತು, ಅಪ್ಪ ಸಾಗರದ ಹತ್ತಿರ ಯಾವತ್ತು ಹೋಗಿದ್ದರು? ಈ ಸಾಲು ಯಾರ ಅಪ್ಪನಿಗೆ ಬೇಕಾದರೂ ಹೊಂದುತ್ತದೆ. ಅಂದಮೇಲೆ ನನ್ನ ಅಪ್ಪನದ್ದಲ್ಲ. ಹೊಡೆದುಹಾಕಿದೆ. ಲಯಕ್ಕೆ ಸರಿಯಾಗಿ ಕೂರುವ ಸಾಲನ್ನು ಹೊಡೆದುಹಾಕುವುದಿದೆಯಲ್ಲ, ಈ ಕೆಲಸದಲ್ಲಿ ಅದರಷ್ಟು ಕಷ್ಟದ್ದು ಬೇರೆ ಇಲ್ಲ. ಕೆಟ್ಟ ಸಾಲು ತಾನೇ ಬಿದ್ದುಹೋಗುತ್ತದೆ. ಚೆನ್ನಾಗಿ ಕೂತ ಖಾಲಿ ಸಾಲನ್ನು ನಾವೇ ಎಬ್ಬಿಸಿ ಕಳಿಸಬೇಕು.

ಹಾಗಾದರೆ ಕಣ್ಣಿಗೆ ಕಾಣುವುದು ಏನು ಅಂತ ಕೇಳಿಕೊಂಡೆ. ಬಾಗಿಲು. ಬಾಗಿಲಲ್ಲಿ ನಿಂತೇ ಅವರು ಆ ಮಾತು ಹೇಳುತ್ತಿದ್ದದ್ದು. "ಬಾಗಿಲಲ್ಲಿ" ಅಂದರೆ ಆರು ಮಾತ್ರೆ, ಒಂದು ಜಾಸ್ತಿ. "ಬಾಗಿಲಲಿ" ಅಂದರೆ ಐದು. ನಮ್ಮ ಭಾಷೆಯ ಈ ಗುಣ ನನಗೆ ತುಂಬಾ ಇಷ್ಟ. ಒಂದು ಒತ್ತು ಸಡಿಲಿಸಿದರೆ ಜಾಗ ಮಾಡಿಕೊಡುತ್ತದೆ. ಅತಿಯಾಗಿ ಸಡಿಲಿಸಬಾರದು ಅಷ್ಟೇ, ಆಮೇಲೆ ಯಾರೂ ಮಾತಾಡದ ಕನ್ನಡವಾಗಿಬಿಡುತ್ತದೆ. ಕೊನೆಗೆ ಹೀಗೆ ನಿಂತಿತು:

ಬಾಗಿಲಲಿ ನಿಂತ ದನಿ, ಆಮೇಲೆ ಹೇಳ್ತೀನಿ
ಕೈಚೀಲ ತೋಳಲ್ಲಿ, ಆಮೇಲೆ ಹೇಳ್ತೀನಿ
ಹೋಗುತಲೆ ತಿರುಗಿದರು, ಆಮೇಲೆ ಹೇಳ್ತೀನಿ

ಪ್ರಾಸಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಕನ್ನಡದಲ್ಲಿ ಅಂತ್ಯಪ್ರಾಸ ಮೋಸ ಮಾಡುತ್ತದೆ ಕಣೋ. ಮನದಲ್ಲಿ, ಬನದಲ್ಲಿ, ದಿನದಲ್ಲಿ ಅಂತ ವಿಭಕ್ತಿಯೇ ಪ್ರಾಸ ತಂದುಕೊಡುತ್ತದೆ, ನಾವು ದುಡಿದ ಹಾಗೇ ಇರುವುದಿಲ್ಲ. ಹಳೆಯ ಕವಿಗಳು ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಹಿಡಿಯುತ್ತಿದ್ದರಲ್ಲ, ಆದಿಪ್ರಾಸ, ಅದು ಹಾಡಿಗೆ ಎಷ್ಟು ಚೆನ್ನಾಗಿ ಒದಗುತ್ತದೆ ಗೊತ್ತಾ? "ಬಾಗಿಲಲಿ", "ಹೋಗುತಲೆ" ನೋಡು. ಎರಡರಲ್ಲೂ ಮೊದಲು ದೀರ್ಘ, ಆಮೇಲೆ "ಗ"ಕಾರ. ಸಾಲು ಶುರುವಾಗುವ ಜಾಗದಲ್ಲೇ ಕಿವಿಗೆ ಒಂದು ಹಿಡಿ ಸಿಗುತ್ತದೆ. ಕೇಳುವವರಿಗೆ ಕಾರಣ ಗೊತ್ತಾಗುವುದಿಲ್ಲ, ಆದರೆ ಎರಡು ಸಾಲು ಒಂದೇ ಮನೆಯವು ಅಂತ ಗೊತ್ತಾಗುತ್ತದೆ.

ಕಾರ್ಡ್‌ಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಡಿ ಮೈನರ್, ಬಿ ಫ್ಲಾಟ್, ಎಫ್, ಸಿ. ಎಲ್ಲರ ಕೈಗೂ ಸಿಗುವಂಥವೇ. ಐದರ ನಡೆಯೇ ಸಾಕಷ್ಟು ಹೊಸತು, ಅದರ ಮೇಲೆ ಇನ್ನೇನೂ ಹೇರಬಾರದು ಅನ್ನಿಸಿತು.

ಮೊದಲ ಕರಡು ಮುಗಿದ ಮೇಲೆ ಹತ್ತು ದಿನ ಅದನ್ನು ಮುಟ್ಟಲಿಲ್ಲ. ನೀನು ಈ ಅಭ್ಯಾಸ ಮಾಡಿಕೊಳ್ಳಲೇಬೇಕು. ದಿನಾ ಹಾಡುತ್ತಿದ್ದರೆ ಕಿವಿ ತಪ್ಪಿಗೆ ಒಗ್ಗಿಹೋಗುತ್ತದೆ. ಹತ್ತು ದಿನ ಬಿಟ್ಟು ಕೇಳಿದಾಗ ಎರಡನೇ ಚರಣ ಇಡೀ ವಿವರಣೆ ಅಂತ ಗೊತ್ತಾಯ್ತು. ಫೋಟೋ, ಪ್ರಶ್ನೆ, ಆ ಸಂಜೆ, ಎಲ್ಲವನ್ನೂ ಹೇಳಿಬಿಟ್ಟಿದ್ದೆ. ತೆಗೆದೆ. ಈಗ ಫೋಟೋ ಮಾತ್ರ ಇದೆ, ಪಕ್ಕದಲ್ಲಿ ನಿಂತವರ ಬಗ್ಗೆ ಒಂದು ಸಾಲು. ಕೊನೆಯ ಪಲ್ಲವಿಯಲ್ಲಿ "ಆಮೇಲೆ" ಅಂತ ಹಾಡಿ, ಮುಂದಿನ ಐದು ಮಾತ್ರೆ ಗಿಟಾರ್ ಒಂದನ್ನೇ ಬಿಟ್ಟಿದ್ದೇನೆ.

ಅಮ್ಮನಿಗೆ ಕೇಳಿಸಲು ಹೆದರಿಕೆ ಇತ್ತು. ಮೊನ್ನೆ ಧೈರ್ಯ ಮಾಡಿ ಪಕ್ಕದಲ್ಲಿ ಕೂತು ಫೋನಿನಲ್ಲಿ ಹಾಕಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು, "ಅವರು ಚೀಲ ತೋಳಿಗೆ ಹಾಕಿಕೊಳ್ಳುತ್ತಿರಲಿಲ್ಲವೋ. ಹೆಗಲಿಗೆ."

ನಿಜ. ಹೆಗಲಿಗೇ. ಎಡ ಹೆಗಲಿಗೆ. ನಾನು ಅದು ಹೇಗೆ ಮರೆತೆನೋ. ಎದ್ದು ಹೋಗಿ ಬೆರಳು ಮಡಚಿ ಎಣಿಸಿದೆ. ಹೆ, ಒಂದು. ಗ, ಒಂದು. ಲ, ಮುಂದೆ ಒತ್ತು ಇದೆ, ಎರಡು. ಲ್ಲಿ, ಒಂದು. ಐದು.

ಇದರ ಜೊತೆ ರೆಕಾರ್ಡಿಂಗ್ ಕಳಿಸುತ್ತಿದ್ದೇನೆ. ಅದು ಹಳೆಯದು, ಇನ್ನೂ "ತೋಳಲ್ಲಿ" ಅಂತಲೇ ಇದೆ. ಕೇಳುವಾಗ ನೀನೇ "ಹೆಗಲಲ್ಲಿ" ಅಂತ ತಿದ್ದಿಕೋ. ನಿನ್ನ ಮೊದಲನೇ ದಿನದ ಗುನುಗು ಸಿಕ್ಕ ಕೂಡಲೇ ನನಗೆ ಕಳಿಸು. ಶ್ರುತಿ ತಪ್ಪಿದ್ದರೂ ಪರವಾಗಿಲ್ಲ, ತಿದ್ದದೆ ಕಳಿಸು.

ಇಂತಿ ನಿನ್ನ,
ಗೆಳೆಯ