ತೂತು ಎಲ್ಲಿದೆ ಎಂದು ಮೊದಲು ನೋಡು

ಬದಿಯಡ್ಕದಿಂದ

ಪ್ರೀತಿಯ ಪುಟ್ಟಕ್ಕನಿಗೆ, ಮಾವನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಮಳೆ ಇನ್ನೂ ಬಿಟ್ಟಿಲ್ಲ. ಎರಡು ದಿನ ಬಿಸಿಲು ಸಿಕ್ಕಿದಾಗ ಅಡಿಕೆಗೆ ಎರಡನೇ ಮದ್ದು ಬಿಟ್ಟು ಮುಗಿಸಿದೆವು.

ನಿನ್ನೆ ನಿನ್ನಮ್ಮ ಫೋನ್ ಮಾಡಿದ್ದಳು. ನೀನು ಪೆರಿಯದಿಂದ ಮನೆಗೆಂದು ಹೊರಟವಳು ಪೊಯಿನಾಚಿ ದಾಟುವ ಮೊದಲೇ ಪಂಚರ್ ಆಗಿ, ಸೈಕಲನ್ನು ರಿಕ್ಷಾದಲ್ಲಿ ಹಾಕಿಕೊಂಡು ಹಾಸ್ಟೆಲಿಗೆ ವಾಪಸ್ ಹೋದೆಯಂತೆ. ಈ ತಿಂಗಳಲ್ಲಿ ಇದು ಮೂರನೆಯದಂತೆ. ಮೂರು ಸಲವೂ ಹಿಂದಿನ ಚಕ್ರ. ಮೂರು ಸಲವೂ ಹೊಸ ಟ್ಯೂಬ್ ಹಾಕಿದೆ. ಕೊನೆಗೆ ಟ್ಯೂಬೇ ಸರಿ ಇಲ್ಲ ಎಂದು ಬೈದೆಯಂತೆ.

ಟ್ಯೂಬನ್ನು ಬೈಯಬೇಡ ಮಗಳೇ. ಒಂದೇ ಚಕ್ರ ಮತ್ತೆ ಮತ್ತೆ ಗಾಳಿ ಬಿಡುತ್ತಿದ್ದರೆ ಅದಕ್ಕೆ ಕಾರಣ ಆ ಚಕ್ರದೊಳಗೇ ಕೂತಿರುತ್ತದೆ. ಕಾರಣವನ್ನು ಒಳಗೇ ಬಿಟ್ಟು ಟ್ಯೂಬ್ ಬದಲಿಸಿದರೆ ಸುಮ್ನೆ ದುಡ್ಡು ದಂಡ. ಅದಕ್ಕೇ ಇಷ್ಟು ಉದ್ದದ ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ ಇಡುತ್ತೀ.

ತೆಗೆದ ಟ್ಯೂಬನ್ನು ಎಸೆದಿಲ್ಲ ತಾನೇ? ಅದಕ್ಕೆ ಸ್ವಲ್ಪ ಗಾಳಿ ತುಂಬು. ಬಕೆಟ್ ನೀರಿನಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಬರುತ್ತದೆ ನೋಡು. ತೂತು ಟ್ಯೂಬಿನ ಹೊರಮೈಯಲ್ಲಿ, ಅಂದರೆ ರಸ್ತೆಯ ಕಡೆಗೆ ಇದ್ದರೆ, ಏನೋ ಚುಚ್ಚಿದೆ. ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ಸೀಳಿದ್ದರೆ, ಗಾಳಿ ಕಡಿಮೆ ಇಟ್ಟು ಗುಂಡಿಗೆ ಹಾರಿಸಿದ್ದೀ. ರಿಮ್ಮಿಗೂ ಗುಂಡಿಗೂ ನಡುವೆ ಟ್ಯೂಬ್ ಜಜ್ಜಿ ಹೋಗಿದೆ. ತೂತು ಒಳಮೈಯಲ್ಲಿ, ರಿಮ್ಮಿನ ಕಡೆಗೆ ಇದ್ದರೆ ರಸ್ತೆಯದ್ದು ಏನೂ ತಪ್ಪಿಲ್ಲ. ನಿನ್ನದು ಇದೇ ಇರಬೇಕು ಎಂದು ನನಗೆ ಅನಿಸುತ್ತದೆ. ಆದರೂ ನೀನೇ ಕಣ್ಣಾರೆ ನೋಡಿ ಹೇಳು.

ಹಾಗಿದ್ದರೆ ನೋಡಬೇಕಾದದ್ದು ರಿಮ್ ಟೇಪು, ಅಂದರೆ ಟ್ಯೂಬಿನ ಅಡಿಗೆ ರಿಮ್ಮಿನ ಸುತ್ತಲೂ ಹಾಕುವ ಪಟ್ಟಿ. ಅದರ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಟೈರು ಕಾಣುತ್ತದೆ, ಅದಕ್ಕೆ ಸಾವಿರಗಟ್ಟಲೆ ಕೊಡುತ್ತೇವೆ. ಟೇಪು ಕಾಣುವುದಿಲ್ಲ. ನಮ್ಮ ಕಾಲದ ಅಟ್ಲಾಸ್, ಹರ್ಕ್ಯುಲಿಸ್ ಸೈಕಲಿನ ರಿಮ್ ಒಂದೇ ತಗಡಿನದು. ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಸಣ್ಣ ನಟ್ಟು, ಅಂದರೆ ನಿಪ್ಪಲ್, ಅದರ ತಲೆ ನೇರ ಟ್ಯೂಬಿನ ಎದುರಿಗೇ ಇರುತ್ತದೆ. ಅದು ಟ್ಯೂಬಿಗೆ ಉಜ್ಜದಿದ್ದರೆ ಸಾಕಿತ್ತು. ಗಾಳಿಯೂ ಅಷ್ಟೇನೂ ಜಾಸ್ತಿ ಇರಲಿಲ್ಲ. ಹಳೆಯ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿ ಸುತ್ತಿದರೂ ವರ್ಷಗಟ್ಟಲೆ ನಡೆಯುತ್ತಿತ್ತು.

ನಿನ್ನ ರೋಡ್ ಬೈಕಿನ ರಿಮ್ ಹಾಗಲ್ಲ. ಅದಕ್ಕೆ ಎರಡು ಗೋಡೆ. ನಿಪ್ಪಲ್ ಕೆಳಗಿನ ಗೋಡೆಯಲ್ಲಿ ಕೂರುತ್ತದೆ. ಮೇಲಿನ ಗೋಡೆಯಲ್ಲಿ ಪ್ರತಿ ಕಡ್ಡಿಗೂ ಒಂದೊಂದು ಬೆರಳು ತೂರುವಂಥ ತೂತು, ಕೆಳಗೆ ಪೊಳ್ಳು. ಅದರ ಮೇಲೆ 80 ಪಿಎಸ್ಐ ಗಾಳಿ. 80 ಎಂದರೆ ಒಂದೊಂದು ಚದರ ಇಂಚಿನ ಮೇಲೂ ಸುಮಾರು 36 ಕಿಲೋ ಭಾರ, ಹೆಚ್ಚುಕಡಿಮೆ ಒಂದು ಮುಡಿ ಅಕ್ಕಿ. ಟೇಪು ಮೆತ್ತಗಿದ್ದರೆ ಟ್ಯೂಬ್ ಅದನ್ನು ಒತ್ತಿಕೊಂಡು ಆ ತೂತಿನೊಳಗೆ ಇಳಿಯುತ್ತದೆ. ತೂತಿನ ಅಂಚು ಚೂರಿಯ ಹಾಗೆ. ಟೇಪು ಒಂದು ಬದಿಗೆ ಎರಡು ಮಿಲಿಮೀಟರ್ ಸರಿದರೂ ಸಾಕು, ಅಲ್ಲಿ ಅಂಚು ಬಾಯಿ ತೆರೆಯುತ್ತದೆ.

ಇದನ್ನು ನಾನು ಕಲಿತದ್ದು ಕೆಟ್ಟ ರೀತಿಯಲ್ಲಿ. ಗಲ್ಫಿನಿಂದ ಬಂದವರೊಬ್ಬರು ತಂದಿದ್ದ ಗೇರ್ ಸೈಕಲನ್ನು ನಾನು ಕೊಂಡಿದ್ದೆ. ಆಗ ನಿನ್ನಮ್ಮ ಕಾಲೇಜಿಗೆ ಹೋಗುತ್ತಿದ್ದಳು. ಆ ಸೈಕಲಿನ ಟೇಪು ಹರಿದಿತ್ತು. ನನಗೆ ಗೊತ್ತಿದ್ದ ವಿದ್ಯೆ ಒಂದೇ, ಹಳೆಯ ಟ್ಯೂಬ್ ಕತ್ತರಿಸಿ ಸುತ್ತಿದೆ. ಗಾಳಿ ಗಟ್ಟಿ ತುಂಬಿದೆ. ಅವಳನ್ನು ಕ್ಯಾರಿಯರಿನಲ್ಲಿ ಕೂರಿಸಿಕೊಂಡು ಕುಂಬಳೆಗೆ ಹೊರಟೆ. ಸೀತಾಂಗೋಳಿ ದಾಟಿ ಇಳಿಜಾರಿನಲ್ಲಿ ಹಿಂದಿನ ಚಕ್ರ ಗರ್ನಾಲು ಹೊಡೆದ ಹಾಗೆ ಒಡೆಯಿತು. ಇಬ್ಬರೂ ಬಿದ್ದೆವು. ನಿನ್ನಮ್ಮನ ಎಡ ಮೊಣಕಾಲಿನಲ್ಲಿ ಒಂದು ಉದ್ದನೆಯ ಕಲೆ ಇದೆಯಲ್ಲ, ಅದು ಅವತ್ತಿನದು. ಅವಳು ಎಲ್ಲರಿಗೂ ಜಾರಿ ಬಿದ್ದೆ ಎಂದೇ ಹೇಳಿದಳು. ಮನೆಗೆ ಬಂದು ಟ್ಯೂಬ್ ಬಿಚ್ಚಿ ನೋಡಿದೆ. ಒಳಮೈಯಲ್ಲಿ ಸಾಲಾಗಿ ಉಬ್ಬಿದ ಗುರುತು, ಪ್ರತಿ ಕಡ್ಡಿಗೂ ಒಂದು. ಒಂದು ಉಬ್ಬು ಸೀಳಿತ್ತು. ಆ ಟ್ಯೂಬ್ ಇನ್ನೂ ನನ್ನ ಸಾಮಾನಿನ ಡಬ್ಬಿಯಲ್ಲಿದೆ. ಇವತ್ತಿಗೂ ಯಾರದಾದರೂ ಚಕ್ರ ಬಿಚ್ಚಿದರೆ ನನ್ನ ಕೈ ಮೊದಲು ಟೇಪಿನ ಮೇಲೆ ಹೋಗುತ್ತದೆ.

ಹಾಗಾಗಿ ಈಗಿರುವ ಟೇಪನ್ನು ಪೂರ್ತಿ ಕಿತ್ತುಬಿಡು. ಹಳೆಯ ಅಂಟು, ಕೆಂಪು ಮಣ್ಣು, ನೀರು ಏನೂ ಉಳಿಯದ ಹಾಗೆ ರಿಮ್ ಒರೆಸಿ ಒಣಗಿಸು. ಬೆರಳಿಗೆ ಬಟ್ಟೆ ಸುತ್ತಿ ಒಂದು ಸುತ್ತು ಸವರು. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಚೂಪು ಇದೆ. ಅರದಿಂದ ಉಜ್ಜಿ ನಯ ಮಾಡು. ಹೊಸ ಟೇಪು ದಪ್ಪ ಹತ್ತಿಬಟ್ಟೆಯದಾಗಲಿ, ಗಟ್ಟಿ ನೈಲಾನಿನದಾಗಲಿ, ಎರಡೂ ಒಳ್ಳೆಯದೇ. ಕರೆಂಟಿನ ಕಪ್ಪು ಟೇಪು ಮಾತ್ರ ಬೇಡ. ಬಿಸಿಗೆ ಅದರ ಅಂಟು ಕರಗಿ ಸರಿಯುತ್ತದೆ. ಅಗಲ ನೋಡಿ ತೆಗೆದುಕೋ. ತೂತುಗಳು ಎರಡೂ ಬದಿ ಚೆನ್ನಾಗಿ ಮುಚ್ಚಬೇಕು. ಹಾಗೆಂದು ಟೈರಿನ ಅಂಚು ಕೂರುವ ಜಾಗಕ್ಕೆ ಹತ್ತಬಾರದು. ಹತ್ತಿದರೆ ಟೈರು ಸರಿಯಾಗಿ ಕೂರುವುದೇ ಇಲ್ಲ. ಟೇಪಿನ ತೂತನ್ನು ವಾಲ್ವಿನ ತೂತಿಗೆ ಸರಿಹೊಂದಿಸಿ, ಜಾರದ ಹಾಗೆ ಒಂದು ಪೆನ್ಸಿಲ್ ತೂರಿಸು. ಬಟ್ಟೆಯದಾದರೆ ಎಳೆದು ಹಿಡಿದು, ಹೆಬ್ಬೆರಳಿನಿಂದ ಒತ್ತುತ್ತಾ ಅಂಟಿಸುತ್ತಾ ಹೋಗು. ಸುಕ್ಕು ಬಂದರೆ ಬಿಚ್ಚಿ ಮತ್ತೆ ಅಂಟಿಸು. ಈ ಕೆಲಸಕ್ಕೆ ಅವಸರ ಆಗದು.

ಟ್ಯೂಬ್ ಕೊಳ್ಳುವಾಗ ಅಂಗಡಿಯಲ್ಲಿ 28 ಇಂಚು ಎಂದು ಕೇಳಬೇಡ. ಹಳೆಯ ದೊಡ್ಡ ಸೈಕಲಿಗೂ ಹಾಗೇ ಹೇಳುತ್ತಾರೆ. ಅದರ ರಿಮ್ಮಿನ ಅಳತೆ 635 ಮಿ.ಮೀ., ನಿನ್ನದು 622. ಟೈರಿನ ಬದಿಯಲ್ಲಿ 25-622 ಎಂದು ಬರೆದಿರುತ್ತದೆ, ಅದನ್ನೇ ತೋರಿಸು. ವಾಲ್ವ್ ಸಪೂರದ ಪ್ರೆಸ್ಟಾ ಇರಲಿ. ದಪ್ಪ ವಾಲ್ವ್ ನಿನ್ನ ರಿಮ್ಮಿನ ತೂತಿನಲ್ಲಿ ತೂರುವುದಿಲ್ಲ. ತೂರಿಸಲು ರಿಮ್ ಕೊರೆದು ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಚಕ್ರ ಕೊಡಲೇಬೇಡ.

ಇನ್ನು ಟೈರು. ಅದನ್ನು ಒಳಗಿನಿಂದ ನೋಡದೆ ಹಾಕಬಾರದು. ಒಂದು ಉಂಡೆ ಹತ್ತಿಯನ್ನು ಒಳಗೆ ಪೂರ್ತಿ ಸವರು. ಲಾರಿ ಟೈರಿನಿಂದ ಉದುರಿದ ತಂತಿಯ ಚೂರು ಹೆದ್ದಾರಿಯಲ್ಲಿ ತುಂಬಾ ಬಿದ್ದಿರುತ್ತದೆ. ಕೂದಲಿನಷ್ಟು ಸಪೂರ. ಕಣ್ಣಿಗೆ ಕಾಣದಿದ್ದರೂ ಹತ್ತಿ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಟೈರಿನ ಮೇಲೆ ಬಾಣದ ಗುರುತಿದ್ದರೆ ಅದು ಚಕ್ರ ಮುಂದೆ ಉರುಳುವ ದಿಕ್ಕಿಗೆ ಇರಲಿ. ಟೈರಿನ ಹೆಸರು ವಾಲ್ವಿನ ನೇರಕ್ಕೆ ಬರುವ ಹಾಗೆ ಕೂರಿಸು. ಮುಂದೆ ಪಂಚರ್ ಆದಾಗ ವಾಲ್ವಿನಿಂದ ತೂತಿಗೆ ಎಷ್ಟು ಗೇಣು ಎಂದು ಅಳೆದರೆ ಸಾಕು, ಟೈರಿನಲ್ಲಿ ಮುಳ್ಳು ಎಲ್ಲಿದೆ ಎಂದು ಗೊತ್ತಾಗುತ್ತದೆ.

ಟೈರಿನ ಒಂದು ಅಂಚನ್ನು ಪೂರ್ತಿ ಒಳಗೆ ಹಾಕು. ಟ್ಯೂಬಿಗೆ ಎರಡು ಸಲ ಪಂಪ್ ಹೊಡೆದು ದುಂಡಗಾಗುವಷ್ಟು ಗಾಳಿ ತುಂಬಿ, ವಾಲ್ವ್ ತೂರಿಸಿ, ಸುತ್ತಲೂ ತಿರುಚದ ಹಾಗೆ ಒಳಗೆ ಸೇರಿಸು. ಎರಡನೇ ಅಂಚನ್ನು ವಾಲ್ವಿನ ಎದುರು ಬದಿಯಿಂದ ಶುರು ಮಾಡಿ ವಾಲ್ವಿನ ಹತ್ತಿರ ಮುಗಿಸು. ಕೊನೆಯ ಒಂದು ಗೇಣು ಬಿಗಿಯಾಗುತ್ತದೆ. ಅಲ್ಲೇ ಎಲ್ಲರೂ ಟೈರು ಮೀಟುವ ಲಿವರ್ ಹಿಡಿಯುವುದು. ಬೇಡ. ಲಿವರಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿದರೆ ಹೊಸ ಟ್ಯೂಬ್ ಅಲ್ಲೇ ಮುಗಿಯಿತು. ರಿಮ್ಮಿನ ನಡುವೆ ಒಂದು ತಗ್ಗು ಇದೆ. ಟೈರಿನ ಅಂಚು ಆ ತಗ್ಗಿಗೆ ಇಳಿದರೆ ಸುತ್ತಳತೆಯಲ್ಲಿ ಸ್ವಲ್ಪ ಸಡಿಲ ಸಿಗುತ್ತದೆ. ಎದುರು ಬದಿಯಿಂದ ಎರಡೂ ಕೈಯಲ್ಲಿ ಟೈರನ್ನು ಹಿಂಡಿ ತಗ್ಗಿಗೆ ತಳ್ಳುತ್ತಾ ವಾಲ್ವಿನವರೆಗೆ ಬಾ. ಆಮೇಲೆ ಅಂಗೈಯ ಬುಡದಿಂದ ಉರುಳಿಸು. ಒಳಗೆ ಹೋಗುತ್ತದೆ. ನಿನ್ನ ಕೈಗೂ ಆಗುತ್ತದೆ, ಇದು ಬಲದ ಕೆಲಸ ಅಲ್ಲ.

ಹೆಬ್ಬೆರಳು ನೋಯುವಾಗ ಒಂದು ನೆನಪಿಸಿಕೋ. 1887-88ರಲ್ಲಿ ಬೆಲ್‌ಫಾಸ್ಟಿನ ದನದ ಡಾಕ್ಟರ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲಿಗೆ ಗಾಳಿ ಟೈರು ಮಾಡಿದ. ಆಗಿನ ಟೈರುಗಳನ್ನು ರಿಮ್ಮಿಗೆ ಅಂಟಿಸಿಯೇ ಬಿಡುತ್ತಿದ್ದರು. ಪಂಚರ್ ತೆಗೆಯಲು ಗಂಟೆಗಟ್ಟಲೆ ಬೇಕು, ಮತ್ತೆ ಅಂಟು ಒಣಗಲು ಒಂದು ರಾತ್ರಿ. 1891ರಲ್ಲಿ ಫ್ರಾನ್ಸಿನ ಮಿಶೆಲಿನ್ ಅಣ್ಣತಮ್ಮಂದಿರು ಕಳಚಿ ಹಾಕುವ ಟೈರು ತಂದ ಮೇಲೆ ರಸ್ತೆ ಬದಿಯಲ್ಲೇ ಕೂತು ರಿಪೇರಿ ಮಾಡಿಕೊಳ್ಳುವ ಹಾಗಾಯಿತು.

ಗಾಳಿ ತುಂಬುವ ಮೊದಲು ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡು, ಅದರ ಬುಡದ ದಪ್ಪ ರಬ್ಬರ್ ಅಂಚಿನಡಿ ಸಿಕ್ಕಿಕೊಂಡಿರಬಾರದು. ಆಮೇಲೆ ಟೈರಿನ ಗೋಡೆಯನ್ನು ಸ್ವಲ್ಪ ಸರಿಸುತ್ತಾ ಎರಡೂ ಬದಿ ಒಂದು ಸುತ್ತು ನೋಡು. ಎಲ್ಲಾದರೂ ಟ್ಯೂಬ್ ಇಣುಕಿದರೆ ಬಿಚ್ಚಿ ಸರಿಮಾಡು. ಅರ್ಧ ಗಾಳಿ ತುಂಬಿ ಚಕ್ರ ತಿರುಗಿಸು. ಟೈರಿನ ಮೇಲಿನ ಸಪೂರ ಗೆರೆ ರಿಮ್ಮಿನಿಂದ ಸುತ್ತಲೂ ಒಂದೇ ದೂರದಲ್ಲಿ ಓಡಬೇಕು. ಹಾಗಿದ್ದರೆ ಮಾತ್ರ ಪೂರ್ತಿ ತುಂಬು. ವಾಲ್ವಿನ ನಟ್ಟನ್ನು ಬೆರಳಿನಲ್ಲಿ ತಿರುಗಿಸಿದಷ್ಟು ಸಾಕು, ಕಟಿಂಗ್ ಪ್ಲೇಯರ್ ಬೇಡ.

ನಿನ್ನ ತೂಕಕ್ಕೆ ಹಿಂದೆ 80, ಮುಂದೆ 75 ಪಿಎಸ್ಐ ಸರಿಯಾಗುತ್ತದೆ. ಮಳೆಗೆ ಐದು ಕಡಿಮೆ ಇರಲಿ, ಹಿಡಿತ ಚೆನ್ನಾಗಿರುತ್ತದೆ. ಟೈರಿನ ಬದಿಯಲ್ಲಿ ಬರೆದಿರುವ ಗರಿಷ್ಠ ಅಂಕಿಯನ್ನು ಯಾವತ್ತೂ ದಾಟಬೇಡ. ಪಂಚರ್ ಇಲ್ಲದಿದ್ದರೂ ಟ್ಯೂಬಿನಿಂದ ಗಾಳಿ ಮೆಲ್ಲಮೆಲ್ಲ ಹೋಗುತ್ತಲೇ ಇರುತ್ತದೆ, ಹಾಗಾಗಿ ಪ್ರತಿ ಶನಿವಾರ ಗೇಜ್ ಇರುವ ಪಂಪಿನಲ್ಲಿ ನೋಡು. ಹೆಬ್ಬೆರಳಿನಿಂದ ಒತ್ತಿ ನೋಡುವುದು ನಮ್ಮ ಹಳೆಯ ಸೈಕಲಿಗೆ ಸರಿ. 50ಕ್ಕೂ 80ಕ್ಕೂ ಬೆರಳಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಟೇಪು ತಂದರೂ ಈ ವಾರ ಒಬ್ಬಳೇ ಸೈಕಲಿನಲ್ಲಿ ಬರಬೇಡ. ಹೆದ್ದಾರಿ ಕೆಲಸದ ಜಲ್ಲಿ ಬೇರೆ. ಚಕ್ರ ಮಾತ್ರ ಬಿಚ್ಚಿ ಬಸ್ಸಿನಲ್ಲಿ ತಾ. ಚೆರ್ಕಳದಲ್ಲಿ ಇಳಿದು ಫೋನ್ ಮಾಡು, ನಾನು ಬರುತ್ತೇನೆ. ತೂತಾದ ಮೂರು ಟ್ಯೂಬುಗಳನ್ನೂ ಚೀಲದಲ್ಲಿ ಹಾಕಿಕೋ. ಜಗಲಿಯಲ್ಲಿ ಮೂರನ್ನೂ ರಿಮ್ಮಿನ ಪಕ್ಕ ಇಟ್ಟು ತೂತು ಎಲ್ಲಿಗೆ ಬರುತ್ತದೆ ನೋಡೋಣ. ಬಿಚ್ಚುವುದೂ ಹಾಕುವುದೂ ನೀನೇ ಮಾಡಬೇಕು, ನಾನು ಪಕ್ಕದಲ್ಲಿ ಕೂತಿರುತ್ತೇನೆ. ಅತ್ತೆ ನಿನಗಾಗಿ ಹಲಸಿನ ಹಪ್ಪಳ ತೆಗೆದಿಟ್ಟಿದ್ದಾಳೆ.

ಇಂತಿ,
ನಿನ್ನ ಮಾವ