ಬಾಡಿಗೆ ಕಾರಿನ ‘ಫುಲ್ ಇನ್ಶೂರೆನ್ಸ್’ ನಂಬುವ ಮುನ್ನ

ಮಾನ್ಯರೆ,

ದೀಪಾವಳಿ ರಜೆ, ಮದುವೆ ಸೀಸನ್ನು ಬಂತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರಗಳಲ್ಲಿ ಡ್ರೈವರ್ ಇಲ್ಲದ ಕಾರು ಬಾಡಿಗೆಗೆ ಒಯ್ಯುವುದು ಹೆಚ್ಚುತ್ತದೆ. ಗೋವಾಕ್ಕೆ, ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ, ಬಾದಾಮಿ–ಪಟ್ಟದಕಲ್ಲಿಗೆ ಹೊರಟವರ ಕೈಗೆ ಕೀಲಿ ಕೊಡುವಾಗ ಮಾಲೀಕರು ಆಡುವ ಮಾತು ಒಂದೇ: ‘ಫುಲ್ ಇನ್ಶೂರೆನ್ಸ್ ಐತ್ರಿ, ಏನೂ ಚಿಂತಿ ಮಾಡಬ್ಯಾಡ್ರಿ.’ ಆ ಪಾಲಿಸಿ ಮಾಲೀಕರ ಕಾರಿಗೆ ಮಾಡಿಸಿದ್ದು. ಬಾಡಿಗೆಗೆ ಒಯ್ದವರಿಗೆ ಅದರಿಂದ ಸಿಗುವ ರಕ್ಷಣೆ ಬಹಳ ಕಡಿಮೆ. ವೈಟ್ ಬೋರ್ಡ್ (ಬಿಳಿ ನಂಬರ್ ಪ್ಲೇಟಿನ) ಗಾಡಿಯಾದರೆ ಕಾರಿನ ರಿಪೇರಿಗೂ ಅದು ಒದಗುವುದಿಲ್ಲ.

ಹಾಗಾಗಿ ಮೊದಲು ನಂಬರ್ ಪ್ಲೇಟ್ ನೋಡಿ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರವಿದ್ದರೆ ಅದು ಗ್ರಾಹಕರೇ ಓಡಿಸಲು ಬಾಡಿಗೆಗೆ ಕೊಡುವ ಕಾರು. ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರವಿದ್ದರೆ ಡ್ರೈವರ್ ಸಮೇತ ಹೋಗುವ ಟ್ಯಾಕ್ಸಿ. ಬಿಳಿ ಪ್ಲೇಟಿನದು ಸ್ವಂತ ಬಳಕೆಯ ಗಾಡಿ. ಅದರ ಪಾಲಿಸಿಯಲ್ಲಿ ಬಳಕೆಯ ಮಿತಿ ಎಂಬ ಭಾಗವಿದೆ. ಬಾಡಿಗೆಗೆ ಓಡಿಸುವಂತಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಅಚ್ಚಾಗಿರುತ್ತದೆ. ಮಾಲೀಕರು ಬಿಳಿ ಪ್ಲೇಟಿನಲ್ಲೇ ಮುಂದುವರಿಯುವುದಕ್ಕೆ ಪ್ರೀಮಿಯಂ ಕೂಡ ಒಂದು ಕಾರಣ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ 1000ದಿಂದ 1500 ಸಿಸಿ ಒಳಗಿನ ಸ್ವಂತ ಕಾರಿಗೆ ವರ್ಷದ ಥರ್ಡ್ ಪಾರ್ಟಿ (ಎದುರಿನವರಿಗಾದ ನಷ್ಟಕ್ಕೆ ಮಾತ್ರ ಒದಗುವ ವಿಮೆ) ಪ್ರೀಮಿಯಂ 3,416 ರೂಪಾಯಿ. ಅದೇ ಸಿಸಿಯ ಬಾಡಿಗೆ ಕಾರಿಗೆ 7,940 ರೂಪಾಯಿ, ಮೇಲೆ ಪ್ರತಿ ಪ್ರಯಾಣಿಕ ಸೀಟಿಗೆ 978. ನಾಲ್ಕು ಸೀಟು ಸೇರಿಸಿದರೆ 11,852 ಆಯಿತು. ತೆರಿಗೆ, ಪರ್ಮಿಟ್, ಫಿಟ್‌ನೆಸ್ ಖರ್ಚು ಬೇರೆ.

ವೈಟ್ ಬೋರ್ಡ್ ಗಾಡಿ ಗುದ್ದಿದಾಗ ‘ಗೆಳೆಯನ ಗಾಡಿ ಅಂತ ಬರೀರಿ’ ಎಂದು ಹೇಳಿಕೊಡುವವರಿದ್ದಾರೆ. ದಯವಿಟ್ಟು ಬರೆಯಬೇಡಿ. ಕಂಪನಿಯ ತನಿಖಾಧಿಕಾರಿ ಯುಪಿಐ ಪಾವತಿ, ವಾಟ್ಸ್ಆ್ಯಪ್ ಸಂದೇಶ, ಊರು, ಸಂಬಂಧ ಎಲ್ಲವನ್ನೂ ಕೇಳುತ್ತಾರೆ. ಬಾಡಿಗೆ ಎಂದು ಗೊತ್ತಾದರೆ ಕ್ಲೇಮ್ ತಿರಸ್ಕಾರವಾಗುತ್ತದೆ, ಸುಳ್ಳು ಹೇಳಿಕೆಗೆ ಸಹಿ ಹಾಕಿದ ಹೊಣೆ ನಿಮ್ಮ ಮೇಲೆ ಉಳಿಯುತ್ತದೆ. ದಾರಿಹೋಕರಿಗೆ ಪೆಟ್ಟಾಗಿದ್ದರಂತೂ ವಿಷಯ ಇನ್ನೂ ಗಂಭೀರ. ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸಿದ್ದನ್ನು ವಿಮಾ ಕಂಪನಿ ತಕರಾರಾಗಿ ಎತ್ತಲು ಮೋಟಾರು ವಾಹನ ಕಾಯ್ದೆಯ 150ನೇ ಕಲಂ ಅವಕಾಶ ಕೊಡುತ್ತದೆ. ಗಾಯಾಳುವಿಗೆ ಕಂಪನಿ ಮೊದಲು ಪರಿಹಾರ ಕೊಟ್ಟು, ಆಮೇಲೆ ಮಾಲೀಕರಿಂದ ವಸೂಲಿ ಮಾಡಲಿ ಎಂಬ ಆದೇಶಗಳೂ ಬಂದಿವೆ. ಬಾಡಿಗೆ ಕರಾರಿನಲ್ಲಿ ‘ಎಲ್ಲ ಹೊಣೆ ಗ್ರಾಹಕನದು’ ಎಂಬ ಸಾಲಿದ್ದರೆ ಮಾಲೀಕರು ಆ ಮೊತ್ತಕ್ಕೆ ನಿಮ್ಮ ಬೆನ್ನು ಹತ್ತುತ್ತಾರೆ.

ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ಇನ್ಶೂರೆನ್ಸ್ ದಿನಾಂಕ ನೋಡಿಕೊಂಡರೆ ಸಾಲದು. ಪಾಲಿಸಿ ಚಾಲ್ತಿಯಲ್ಲಿದೆಯೋ ಇಲ್ಲವೋ ಅಷ್ಟೇ ಅಲ್ಲಿ ತಿಳಿಯುತ್ತದೆ. ಪಾಲಿಸಿಯ ಪ್ರತಿಯನ್ನೇ ಕೇಳಿ ಪಡೆದು ಪ್ರೀಮಿಯಂ ಪಟ್ಟಿಯಲ್ಲಿ ‘ಓನ್ ಡ್ಯಾಮೇಜ್’ (ಆ ಕಾರಿಗೇ ಆದ ಹಾನಿ) ಸಾಲು ಹುಡುಕಿ. ಅಲ್ಲಿ ಮೊತ್ತವಿಲ್ಲದಿದ್ದರೆ ಅದು ಬರೀ ಥರ್ಡ್ ಪಾರ್ಟಿ. ಕಾರಿನ ರಿಪೇರಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಓನ್ ಡ್ಯಾಮೇಜ್ ಇದ್ದರೂ ಪೂರ್ತಿ ಬಿಲ್ ಸಿಗುವುದಿಲ್ಲ. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿ, ಏರ್‌ಬ್ಯಾಗ್‌ಗಳಿಗೆ ಅರ್ಧದಷ್ಟು ಸವಕಳಿ (ಹಳತಾದಂತೆ ಇಳಿಯುವ ಬೆಲೆ) ಕಳೆಯುತ್ತಾರೆ. ತಗಡಿನ ಭಾಗಕ್ಕೆ ಗಾಡಿಯ ವಯಸ್ಸು ನೋಡಿ ಕಡಿತ. ಎರಡರಿಂದ ಮೂರು ವರ್ಷದ ಗಾಡಿಗೆ ಶೇ 15, ಐದು ದಾಟಿದರೆ ಶೇ 40. ಗಾಜಿಗೆ ಮಾತ್ರ ಸವಕಳಿ ಇಲ್ಲ. 10,000 ರೂಪಾಯಿಯ ಬಂಪರಿಗೆ 5,000 ಕಳೆಯುತ್ತದೆ. ಅದರ ಬಣ್ಣಕ್ಕೆ 6,000 ಬಿಲ್ಲಾದರೆ ನಾಲ್ಕರಲ್ಲೊಂದು ಭಾಗ ಸಾಮಗ್ರಿಯ ಬೆಲೆ ಎಂದು ಹಿಡಿದು, ಅದರ ಅರ್ಧ 750 ರೂಪಾಯಿ ಕಡಿತ. ಪಾಲಿಸಿಯಲ್ಲಿ ನಮೂದಿಸಿದ ಕಡ್ಡಾಯ ಕಡಿತ (ಪ್ರತಿ ಕ್ಲೇಮಿನಲ್ಲೂ ಕಂಪನಿ ಕೊಡದೆ ಬಿಡುವ ಮೊತ್ತ) ಇದರ ಮೇಲೆ. ‘ಝೀರೊ ಡೆಪ್’ ಎಂಬ ಹೆಚ್ಚುವರಿ ರಕ್ಷಣೆ ಇದ್ದರೆ ಸವಕಳಿ ತಪ್ಪುತ್ತದೆ, ಕಡ್ಡಾಯ ಕಡಿತ ತಪ್ಪುವುದಿಲ್ಲ. ಕಂಪನಿ ಕೊಡದೆ ಉಳಿದಿದ್ದನ್ನು ಬಾಡಿಗೆ ಕೊಟ್ಟವರು ನಿಮ್ಮ ಡಿಪಾಸಿಟ್‌ನಲ್ಲೇ ಹಿಡಿಯುತ್ತಾರೆ.

ಮಳೆಗಾಲದಲ್ಲಿ ದೊಡ್ಡ ನಷ್ಟ ಆಗುವುದು ಎಂಜಿನ್ನಿಗೆ. ಘಟಪ್ರಭಾ, ಕೃಷ್ಣೆ ತುಂಬಿದಾಗ ಗೋಕಾಕ, ಮುಧೋಳ, ಚಿಕ್ಕೋಡಿ ಭಾಗದ ತಗ್ಗಿನ ಸೇತುವೆಗಳ ಮೇಲೆ ನೀರು ಬರುತ್ತದೆ. ಆಳ ತಿಳಿಯದೆ ಗಾಡಿ ಇಳಿಸಿದರೆ ಏರ್ ಫಿಲ್ಟರ್ ದಾರಿಯಿಂದ ಸಿಲಿಂಡರಿಗೆ ನೀರು ಹೋಗಿ ಎಂಜಿನ್ ಬಂದ್ ಬೀಳುತ್ತದೆ. ಆಗ ಮತ್ತೆ ಸೆಲ್ಫ್ ಹೊಡೆಯಲೇಬಾರದು. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಪಿಸ್ಟನ್ ಮೇಲೇರಿ ನೀರಿಗೆ ಬಡಿದ ರಭಸಕ್ಕೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಒಮ್ಮೊಮ್ಮೆ ಮುರಿದು ಬ್ಲಾಕ್ ಒಡೆಯುತ್ತದೆ. ಎಂಜಿನ್ ಬಿಚ್ಚಿದಾಗ ಆ ಬಾಗಿದ ರಾಡ್ ನೋಡಿದರೆ ನಷ್ಟ ಅಂದಾಜಿಸುವ ಸರ್ವೇಯರಿಗೆ ಎಲ್ಲ ಗೊತ್ತಾಗುತ್ತದೆ. ಸಾಮಾನ್ಯ ಪಾಲಿಸಿಯಲ್ಲಿ ಒಳಗಿನ ಸೀಟು, ವೈರಿಂಗ್ ಸ್ವಚ್ಛ ಮಾಡಿಸಿದ್ದಕ್ಕೆ ಹಣ ಬಂದೀತು. ಸೆಲ್ಫ್ ಹೊಡೆದು ಹಾಳಾದ ಎಂಜಿನ್ನನ್ನು ‘ಆಮೇಲಿನ ನಷ್ಟ’ ಎಂದು ಕೈಬಿಡುತ್ತಾರೆ. ಎಂಜಿನ್ ಹಾನಿಗೆ ಒದಗುವ ‘ಎಂಜಿನ್ ಪ್ರೊಟೆಕ್ಟ್’ ಎಂಬ ಹೆಚ್ಚುವರಿ ರಕ್ಷಣೆ ಇದೆಯೇ ಎಂದು ಮಳೆಗಾಲದಲ್ಲಿ ಕೇಳಲೇಬೇಕು. ನೀರಲ್ಲಿ ನಿಂತ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ದಂಡೆಗೆ ತಳ್ಳಿ, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಟೋಯಿಂಗ್ ಗಾಡಿ ತರಿಸಿ. ತಳ್ಳಿ ಸ್ಟಾರ್ಟ್ ಮಾಡುವುದೂ ಅಷ್ಟೇ ಅಪಾಯ.

ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ: ಕಾರು ಓಡಿಸುತ್ತಿದ್ದ ನಿಮಗೇ ಪೆಟ್ಟಾದರೆ? ಪಾಲಿಸಿಯಲ್ಲಿ ಕಾಣುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ನೋಂದಾಯಿತ ಮಾಲೀಕರೇ ಓಡಿಸುವಾಗ ಅವರಿಗೆ ಸಿಗುವಂಥದ್ದು. ಇದರ ಬಿಸಿ ನಮ್ಮ ಸೀಮೆಗೆ ತಟ್ಟಿದೆ. ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ, ಎರವಲು ತಂದ ಬೈಕು ಎತ್ತಿನ ಗಾಡಿಗೆ ಬಡಿದು ಸವಾರ ತೀರಿಕೊಂಡ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಎರವಲು ತಂದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಆದ್ದರಿಂದ ತಪ್ಪು ಸಾಬೀತು ಮಾಡದೆ ಪರಿಹಾರ ಕೊಡುತ್ತಿದ್ದ, ಮೋಟಾರು ವಾಹನ ಕಾಯ್ದೆಯ ಆಗಿನ 163ಎ ಕಲಂ ಅವನ ಕುಟುಂಬಕ್ಕೆ ಅನ್ವಯಿಸದು ಎಂದು 2009ರಲ್ಲಿ ತೀರ್ಪಾಯಿತು. ಸೆಲ್ಫ್ ಡ್ರೈವ್ ಒಯ್ಯುವವರು ತಮ್ಮ ಹೆಸರಿನಲ್ಲಿ ಪ್ರತ್ಯೇಕ ಅಪಘಾತ ವಿಮೆ ಮಾಡಿಸಿಟ್ಟುಕೊಳ್ಳುವುದೇ ದಾರಿ. ಲೈಸನ್ಸ್ ಬಗ್ಗೆ ಮಾತ್ರ ಗೊಂದಲ ಬೇಡ: ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಬಾಡಿಗೆ ಗಾಡಿಯನ್ನೂ ಓಡಿಸಬಹುದು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಎತ್ತಿಹಿಡಿದಿದೆ. ಲೈಸನ್ಸ್ ಚಾಲ್ತಿಯಲ್ಲಿರಬೇಕು, ಓಡಿಸುವವರ ಹೆಸರು ಕರಾರಿನಲ್ಲಿರಬೇಕು.

ಕೆಲ ಕಂಪನಿಗಳು ಹೆಚ್ಚಿನ ಹಣ ಪಡೆದು ‘ಪ್ರೊಟೆಕ್ಷನ್ ಪ್ಲಾನ್’ ಕೊಡುತ್ತವೆ. ಅದು ಹೆಚ್ಚಾಗಿ ನಿಮ್ಮ ಮತ್ತು ಅವರ ನಡುವಿನ ಕರಾರು. ಡ್ಯಾಮೇಜ್ ಆದರೆ ಗರಿಷ್ಠ ಎಷ್ಟು ಕಟ್ಟಬೇಕು, ಗಾಡಿ ಗ್ಯಾರೇಜಿನಲ್ಲಿ ನಿಂತ ದಿನಗಳಿಗೆ ಬಾಡಿಗೆ ಹಿಡಿಯುತ್ತಾರೆಯೇ, ಟೈರ್, ತಳಭಾಗ, ಕೀಲಿ, ಕ್ಲಚ್ ಸೇರಿವೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಚೋರ್ಲಾ ಘಾಟ್ ಏರುವಾಗ ಅರ್ಧ ಕ್ಲಚ್ಚಿನಲ್ಲೇ ಗಾಡಿ ಹಿಡಿದು ಪ್ಲೇಟ್ ಸುಟ್ಟರೆ ಅದನ್ನು ಸವೆತ ಎನ್ನುತ್ತಾರೆ. ಪಾಲಿಸಿಯಿಂದ ಏನೂ ಬರುವುದಿಲ್ಲ. ಕೀಲಿ ಪಡೆಯುವ ಮೊದಲು ಹಗಲು ಬೆಳಕಿನಲ್ಲಿ ನಾಲ್ಕೂ ಚಕ್ರದ ರಿಮ್, ಬಂಪರಿನ ಕೆಳಅಂಚು, ಗಾಜು, ಸ್ಟೆಪ್ನಿ, ಕಿಲೋಮೀಟರ್ ಎಲ್ಲವನ್ನೂ ಒಂದೇ ವಿಡಿಯೊದಲ್ಲಿ ಹಿಡಿದು ಅವರ ನಂಬರಿಗೇ ಕಳುಹಿಸಿ.

ಅಪಘಾತವಾದರೆ ಗಾಯಾಳುಗಳಿಗೆ 108, ಪೊಲೀಸರಿಗೆ 112. ಫೋಟೊ ತೆಗೆದು, ಗಾಡಿ ಗ್ಯಾರೇಜಿಗೆ ಹೋಗುವ ಮೊದಲೇ ಮಾಲೀಕರ ಮೂಲಕ ವಿಮಾ ಕಂಪನಿಗೆ ತಿಳಿಸಿ. ಎದುರಿನವರಿಗೆ ಸ್ಥಳದಲ್ಲೇ ‘ನಾನು ಕೊಡ್ತೀನಿ’ ಎಂದು ಒಪ್ಪಿಕೊಳ್ಳಬೇಡಿ. ಕಂಪನಿಯ ಒಪ್ಪಿಗೆಯಿಲ್ಲದೆ ಹಾಗೆ ಮಾತು ಕೊಡುವುದು ಪಾಲಿಸಿ ಷರತ್ತಿಗೆ ವಿರುದ್ಧ. ಲೈಸನ್ಸ್ ಇದ್ದವರ ಹೆಸರು ಹೇಳಿ ಡ್ರೈವರ್ ಬದಲಿಸುವ ಆಟವೂ ಬೇಡ, ಆಸ್ಪತ್ರೆಯ ದಾಖಲೆಯಲ್ಲೇ ಅದು ಸಿಕ್ಕಿಬೀಳುತ್ತದೆ.

ಮೂರೂ ಜಿಲ್ಲೆಗಳ ಆರ್‌ಟಿಒ ಕಚೇರಿಗಳು ಸೆಲ್ಫ್ ಡ್ರೈವ್ ಅಂಗಡಿಗಳ ಮುಂದೆ ಸಾಲಾಗಿ ನಿಲ್ಲುವ ವೈಟ್ ಬೋರ್ಡ್ ಗಾಡಿಗಳನ್ನು ತಪಾಸಣೆ ಮಾಡಬೇಕು. ಕರಾರಿನ ಜೊತೆ ಪಾಲಿಸಿಯ ಪ್ರತಿ ಕೊಡುವುದನ್ನು ಅಂಗಡಿಯವರು ರೂಢಿ ಮಾಡಿಕೊಳ್ಳಬೇಕು. ಡಿಪಾಸಿಟ್ ಹಿಡಿದಾಗ ಗ್ರಾಹಕರು ಗ್ಯಾರೇಜ್ ಬಿಲ್ ಮತ್ತು ಕ್ಲೇಮ್ ಇತ್ಯರ್ಥದ ಪತ್ರ ಎರಡನ್ನೂ ಕೇಳಬೇಕು. ಪಾಲಿಸಿ ಮಾಲೀಕರ ಹೆಸರಿನಲ್ಲಿರುವುದರಿಂದ ವಿಮಾ ಓಂಬುಡ್ಸ್‌ಮನ್ (ವಿಮೆಯ ದೂರು ಬಗೆಹರಿಸುವ ಅಧಿಕಾರಿ) ಬಳಿ ಹೋಗುವ ದಾರಿ ಅವರದು. ಆದರೆ ಒಂದೇ ಬಂಪರಿಗೆ ಕಂಪನಿಯಿಂದಲೂ ನಿಮ್ಮಿಂದಲೂ ಹಣ ಪಡೆದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು.

— ವಾಹನ ವಿಮಾ ಸರ್ವೇಯರ್‌ಗಳು, ಬಾಗಲಕೋಟೆ